ಕಂಪನಿಗೆ ಮೀಟರ್ ಗೊತ್ತು, ಮನೆ ಗೊತ್ತಿಲ್ಲ

ಪ್ರಶ್ನೆ: ವಿದ್ಯುತ್ ಸರಬರಾಜು ಕಂಪನಿಯೊಂದರ ಉಪವಿಭಾಗ ಕಚೇರಿಯಲ್ಲಿ ಕಿರಿಯ ಎಂಜಿನಿಯರ್ ಆಗಿದ್ದೇನೆ. ಬಿಲ್ ಕೊಟ್ಟ ಮೇಲಿನ ಹತ್ತು ಹದಿನೈದು ದಿನ ನಮ್ಮ ಕೌಂಟರಿನಲ್ಲಿ ಒಂದೇ ಜಗಳ: “ಹೋದ ತಿಂಗಳು ಸೊನ್ನೆ ಬಂದಿತ್ತು, ಈ ಸಲ ಸಾವಿರದ ಎಂಟುನೂರು ಯಾಕೆ?” ಈಗ ಮೇಲಿನವರು ಕೃತಕ ಬುದ್ಧಿಮತ್ತೆ ತಂದು ಒಬ್ಬೊಬ್ಬ ಗ್ರಾಹಕರಿಗೂ ಅವರವರಿಗೆ ಹೊಂದುವ ಸೇವೆ ಕೊಡೋಣ ಎನ್ನುತ್ತಿದ್ದಾರೆ. ಸಭೆಯಲ್ಲಿ ತೋರಿಸಿದ ಚಾಟ್‌ಬಾಟ್ ಗ್ರಾಹಕರ ಹೆಸರು ಹಿಡಿದು ನಮಸ್ಕಾರ ಹೇಳುತ್ತದೆ. ಇದರಿಂದ ನಿಜಕ್ಕೂ ಏನಾದೀತು, ಏನಾಗದು? ನಮ್ಮಂಥ ಸಣ್ಣ ಕಚೇರಿಯವರು ಏನು ಸಿದ್ಧ ಮಾಡಿಕೊಳ್ಳಬೇಕು? (ಹೆಸರು ಬೇಡ ಎಂದಿರುವ ಓದುಗರು)

ಉತ್ತರ: ಆ ನಮಸ್ಕಾರದಿಂದಲೇ ಶುರು ಮಾಡುತ್ತೇನೆ. ನಿಮ್ಮ ಉಪವಿಭಾಗದ ಯಾವುದಾದರೂ ಹಳೇ ಬಡಾವಣೆಯ ಇಪ್ಪತ್ತು ಆರ್‌.ಆರ್‌. ನಂಬರ್ ಬರೆದುಕೊಂಡು ಒಂದು ಸಂಜೆ ಮನೆ ಮನೆ ಸುತ್ತಿ ಬನ್ನಿ. ಬಿಲ್ಲಿನ ಮೇಲಿರುವ ಹೆಸರಿನವರು ಅಲ್ಲಿದ್ದಾರೆಯೇ ಎಂದಷ್ಟೇ ನೋಡಿ. ಕೆಲಸದಲ್ಲಿದ್ದಾಗ ನಾನೊಮ್ಮೆ ಹೀಗೆ ಸುತ್ತಿದ್ದೆ. ಮೊದಲ ಮನೆಯಲ್ಲಿ ಬಿಲ್ಲಿನ ಹೆಸರಿನವರು ಗೋಡೆ ಮೇಲಿದ್ದರು, ಗಂಧದ ಹಾರ ಹಾಕಿದ ಫೋಟೊದಲ್ಲಿ. ಎರಡನೆಯ ಮನೆ ಎರಡು ಕೈ ಬದಲಾಗಿತ್ತು, ಯಾರೂ ಖಾತೆ ಬದಲಾಯಿಸಿಕೊಂಡಿರಲಿಲ್ಲ. ಮೂರನೆಯದರಲ್ಲಿ ಬಾಡಿಗೆಯವರು. ನಮ್ಮ ಎಸ್ಸೆಮ್ಮೆಸ್‌ಗಳೆಲ್ಲ ಹೋಗುತ್ತಿದ್ದದ್ದು ಹಿಂದೆಂದೋ ಕನೆಕ್ಷನ್ ಕೊಡಿಸಿದ್ದ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಮೊಬೈಲಿಗೆ. ಆ ಪುಣ್ಯಾತ್ಮನ ಫೋನಿಗೆ ಊರಿನ ಅರ್ಧ ಮನೆಗಳ ಬಿಲ್ ಬರುತ್ತಿತ್ತು.

ಆರ್‌.ಆರ್‌. ಎಂದರೆ ರೆವಿನ್ಯೂ ರಿಜಿಸ್ಟರ್. ಹೆಸರೇ ಹೇಳುವಂತೆ ಅದು ವಸೂಲಿ ಲೆಕ್ಕಕ್ಕೆ ಹುಟ್ಟಿದ ನಂಬರ್. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ವಿತರಣೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂದು ಒಡೆಯಿತು, 2005ರಲ್ಲಿ ಮೈಸೂರಿನ ಚೆಸ್ಕಾಂ ಬೇರೆಯಾಯಿತು. ಬೋರ್ಡು ಬದಲಾಯಿತೇ ಹೊರತು ಆ ನಂಬರಿನ ಹಿಂದಿನ ಯೋಚನೆ ಬದಲಾಗಲಿಲ್ಲ. ಮೀಟರ್ ಎಲ್ಲಿದೆ, ಎಷ್ಟು ಓಡಿದೆ, ಎಷ್ಟು ಬಾಕಿ, ಇವು ಕಂಪನಿಗೆ ಗೊತ್ತು. ಒಳಗೆ ಯಾರಿದ್ದಾರೆ, ಅವರಿಗೆ ಯಾವ ಮಾತು ಬರುತ್ತದೆ, ಬಿಲ್ ಓದಲು ಬರುತ್ತದೆಯೇ, ಇವು ಗೊತ್ತಿಲ್ಲ. ಇಂಥ ಕಡತದ ಮೇಲೆ ಎಐ ಕೂರಿಸಿದರೆ ತೀರಿಕೊಂಡವರ ಹೆಸರು ಹಿಡಿದು ಬಹಳ ವಿನಯದಿಂದ ಮಾತಾಡುವ ಬಾಟ್ ಸಿಗುತ್ತದೆ, ಅಷ್ಟೆ.

ಸಭೆಯಲ್ಲಿ ಯಾರೂ ಎತ್ತಿರಲಾರದ ಇನ್ನೊಂದು ವಿಷಯವಿದೆ. ಬೇರೆ ವ್ಯಾಪಾರಗಳಲ್ಲಿ ‘ನಿಮಗಾಗಿಯೇ’ ಎಂದರೆ ಹೆಚ್ಚಾಗಿ ದರದ ಮಾತು. ಗಿರಾಕಿ ನೋಡಿ ರಿಯಾಯಿತಿ, ಗಿರಾಕಿ ನೋಡಿ ಕೊಡುಗೆ. ನಮ್ಮಲ್ಲಿ ಆ ಬಾಗಿಲೇ ಇಲ್ಲ. 2003ರ ವಿದ್ಯುತ್ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ದರ ವಿಧಿಸುವಾಗ ಯಾವ ಗ್ರಾಹಕರಿಗೂ ಅನುಚಿತವಾಗಿ ಪಕ್ಷಪಾತ ತೋರುವಂತಿಲ್ಲ. ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಯಾವ ವರ್ಗಕ್ಕೆ ಏನು ನಿಗದಿ ಮಾಡಿದೆಯೋ ಅದೇ ದರ. ಹಾಗಾಗಿ ನಮ್ಮ ಕೈಯಲ್ಲಿ ಉಳಿಯುವುದು ನಾಲ್ಕೇ ಸಂಗತಿ: ಬಿಲ್ಲನ್ನು ಹೇಗೆ ವಿವರಿಸುತ್ತೇವೆ, ಯಾವ ಭಾಷೆಯಲ್ಲಿ, ಎಷ್ಟು ಮೊದಲು, ಯಾರ ಫೋನಿಗೆ. ಇದೇನು ಸಣ್ಣದಲ್ಲ. ನಿಮ್ಮ ಕೌಂಟರಿನ ಜಗಳ ಹುಟ್ಟುವುದೇ ಈ ನಾಲ್ಕರಲ್ಲಿ ಒಂದು ತಪ್ಪಿದಾಗ.

ಆ ಸೊನ್ನೆ ಬಿಲ್ಲಿನ ಜಗಳವನ್ನೇ ಬಿಡಿಸೋಣ. ಒಂದೊಂದು ಮನೆಗೂ ಬೇರೆ ಬೇರೆ ಲೆಕ್ಕವನ್ನು ಎಐ ಇಲ್ಲದೆಯೇ ನಾವು ಆಗಲೇ ಜಾರಿಗೆ ತಂದಾಗಿದೆ, ಅದರ ಹೆಸರು ಗೃಹಜ್ಯೋತಿ. 2023ರ ಜುಲೈ ಬಳಕೆಯಿಂದ ಶುರುವಾದ ಈ ಯೋಜನೆಯನ್ನು ಎಲ್ಲರೂ ‘200 ಯೂನಿಟ್ ಫ್ರೀ’ ಎಂದೇ ಕರೆದರು. ಲೆಕ್ಕ ಹಾಗಿಲ್ಲವೆಂದು ನಿಮಗೆ ಗೊತ್ತು. 2022-23ರಲ್ಲಿ ಆ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದು, ಅದರ ಮೇಲೆ ಶೇ 10, ಒಟ್ಟು 200 ದಾಟದಂತೆ. ಸರಾಸರಿ 60 ಇದ್ದವರ ಮಿತಿ 66. ಪಕ್ಕದ ಮನೆಯ 130ಕ್ಕೆ 143. ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಹಿಡಿದು ಅದರ ಮೇಲೆ ಶೇ 10. 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ 10ರಿಂದ ಏನೂ ದಕ್ಕುವುದಿಲ್ಲವೆಂದು 2024ರಲ್ಲಿ ಅದನ್ನು 10 ಯೂನಿಟ್ ಮಾಡಿದರು. ಹೀಗೆ ಒಂದೇ ಬೀದಿಯಲ್ಲಿ ಹತ್ತು ಮನೆಗೆ ಹತ್ತು ಮಿತಿ. ತನ್ನ ಮನೆಯ ಮಿತಿ ಎಷ್ಟೆಂದು ಬಾಯಿಪಾಠ ಹೇಳಬಲ್ಲ ಗ್ರಾಹಕರು ನಿಮ್ಮ ಕೌಂಟರಿಗೆ ದಿನಕ್ಕೆ ಎಷ್ಟು ಜನ ಬರುತ್ತಾರೆ?

ಈಗ 185 ಸರಾಸರಿಯ ಒಂದು ಮನೆಯ ಲೆಕ್ಕ ಹಾಕೋಣ. ಶೇ 10 ಸೇರಿಸಿದರೆ 203.5 ಆಗುತ್ತದೆ, ಆದರೆ 200ಕ್ಕೆ ನಿಲ್ಲುತ್ತದೆ. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಎಂದಿಟ್ಟುಕೊಳ್ಳಿ. ತಿಂಗಳಿಗೆ 200 ಯೂನಿಟ್ ಓಡಿದರೆ ಬಿಲ್ ಸೊನ್ನೆ. 203 ಓಡಿದರೆ ಮೂರು ಯೂನಿಟ್‌ಗಲ್ಲ, ಪೂರ್ತಿ ಬಿಲ್. 2025-26ರ ದರದಲ್ಲಿ ಕಿಲೋವ್ಯಾಟ್‌ಗೆ 145 ರೂಪಾಯಿಯಂತೆ ನಿಗದಿತ ಶುಲ್ಕ 435. ಯೂನಿಟ್‌ಗೆ 5.80ರಂತೆ 1,177.40. ಪಿಂಚಣಿ-ಗ್ರಾಚುಯಿಟಿ ಸರ್ಚಾರ್ಜ್ 36 ಪೈಸೆಯಂತೆ 73.08. ಆ 1,177.40ರ ಮೇಲೆ ತೆರಿಗೆ ಶೇ 9 ಎಂದರೆ 105.97. ಇಂಧನ ಹೊಂದಾಣಿಕೆ ಶುಲ್ಕ ಬಿಟ್ಟೇ 1,791 ರೂಪಾಯಿ. ಆ ಮೂರು ಯೂನಿಟ್ ಎಂದರೆ ಎರಡು ಕಿಲೋವ್ಯಾಟ್‌ನ ಗೀಸರ್ ಒಂದೂವರೆ ಗಂಟೆ ಉರಿದದ್ದು. ನೆಂಟರು ಬಂದು ಒಂದು ಬೆಳಿಗ್ಗೆ ಎಲ್ಲರೂ ಸ್ನಾನ ಮಾಡಿದ್ದಾರೆ, ಆಯಿತು. ಇದನ್ನು ಬಿಲ್ ಬಂದ ಮೇಲೆ ಯಾವ ಬಾಟ್ ಎಷ್ಟು ಸವಿಯಾಗಿ ಹೇಳಿದರೂ ಗ್ರಾಹಕರಿಗೆ ಕೋಪವೇ ಬರುತ್ತದೆ. ಇಪ್ಪತ್ತೆರಡನೆಯ ದಿನಕ್ಕೆ “ಇಲ್ಲಿವರೆಗೆ 152 ಆಗಿದೆ, ಇದೇ ಲೆಕ್ಕದಲ್ಲಿ ಹೋದರೆ ತಿಂಗಳಿಗೆ 207 ಆಗಬಹುದು” ಎಂದು ತಿಳಿಸಿದ್ದರೆ ಆ ಮನೆಗೆ 1,791 ರೂಪಾಯಿ ಉಳಿಯುತ್ತಿತ್ತು. ಅವರವರಿಗೆ ಹೊಂದುವ ಸೇವೆ ಎಂದು ನಾನು ಕರೆಯುವುದು ಇದನ್ನು.

ಆದರೆ ಇಪ್ಪತ್ತೆರಡನೆಯ ದಿನದ ರೀಡಿಂಗ್ ಎಲ್ಲಿಂದ ಬರಬೇಕು? ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ 2023ರಲ್ಲಿ ತಂದ ತಿದ್ದುಪಡಿಯಂತೆ ಸ್ಮಾರ್ಟ್ ಮೀಟರನ್ನು ದಿನಕ್ಕೊಮ್ಮೆಯಾದರೂ ದೂರದಿಂದ ಓದಬೇಕು. ಸ್ಮಾರ್ಟ್ ಮೀಟರ್ ಇದ್ದಲ್ಲಿ ಕೆಲಸ ಸುಲಭ. ನಮ್ಮಲ್ಲಿ ಹಳೆಯ ಮೀಟರಿನ ಮನೆಗಳೇ ಹೆಚ್ಚು, ಮೀಟರ್ ರೀಡರ್ ತಿಂಗಳಿಗೊಮ್ಮೆ ಬಂದರೆ ಬಂತು. ಅಲ್ಲಿಗೊಂದು ಅಗ್ಗದ ಉಪಾಯವಿದೆ. ತಿಂಗಳ ನಡುವೆ ಗ್ರಾಹಕರೇ ಮೀಟರಿನ ಫೋಟೊ ತೆಗೆದು ವಾಟ್ಸಾಪಿಗೆ ಕಳಿಸಲಿ, ಎಐ ಆ ಅಂಕಿ ಓದಿ ಉತ್ತರ ಕೊಡಲಿ. ಚಿತ್ರದಿಂದ ಅಂಕಿ ಓದುವುದು ಇವತ್ತಿನ ಎಐಗೆ ನೀರು ಕುಡಿದಷ್ಟು ಸಲೀಸು. ಎಡವುವುದು ಬೇರೆ ಕಡೆ: ಎಲೆಕ್ಟ್ರಾನಿಕ್ ಮೀಟರಿನ ಡಿಸ್‌ಪ್ಲೇ ಒಂದೇ ಕಡೆ ನಿಲ್ಲುವುದಿಲ್ಲ. ದಿನಾಂಕ, ಗಂಟೆ, ವೋಲ್ಟೇಜ್, ಗರಿಷ್ಠ ಬೇಡಿಕೆ ಎಂದು ತಿರುಗುತ್ತಲೇ ಇರುತ್ತದೆ. ಅಜ್ಜಿ ಕಳಿಸಿದ ಫೋಟೊದಲ್ಲಿ 231 ಎಂದಿದ್ದರೆ ಅದು ಯೂನಿಟ್ ಅಲ್ಲ, ವೋಲ್ಟೇಜ್. ಅಂಕಿಯ ಪಕ್ಕ ಕೆಡಬ್ಲ್ಯುಎಚ್ (ಅಂದರೆ ಯೂನಿಟ್) ಗುರುತಿದೆಯೇ ನೋಡು, ಹಿಂದಿನ ರೀಡಿಂಗ್‌ಗಿಂತ ಮುಂದಿದೆಯೇ ನೋಡು, ಇಲ್ಲದಿದ್ದರೆ ಇನ್ನೊಂದು ಫೋಟೊ ಕೇಳು. ಈ ಮೂರು ಮಾತನ್ನು ಕಂಪ್ಯೂಟರಿನವರಿಗೆ ಹೇಳಬೇಕಾದವರು ನೀವು. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೂತವರಿಗೆ ಹೊಳೆಯುವಂಥದ್ದಲ್ಲ ಇದು.

ಇಲ್ಲೇ ಒಂದು ಎಚ್ಚರಿಕೆ. ಈ ಸೂಚನೆಯನ್ನು ಎಲ್ಲರಿಗೂ ಕಳಿಸಬೇಡಿ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಎಂಬ ಊರಿನಲ್ಲಿ ಸಂಶೋಧಕರು ಮನೆಗಳ ಬಾಗಿಲಿಗೆ ಚೀಟಿ ತೂಗುಹಾಕಿ, “ನಿಮ್ಮ ನೆರೆಹೊರೆಯ ಸರಾಸರಿ ಇಷ್ಟು, ನಿಮ್ಮದು ಇಷ್ಟು” ಎಂದು ತಿಳಿಸಿದರು. 2007ರಲ್ಲಿ ಪ್ರಕಟವಾದ ಅದರ ಫಲಿತಾಂಶ ತಮಾಷೆಯಾಗಿತ್ತು. ಹೆಚ್ಚು ಬಳಸುತ್ತಿದ್ದವರು ಕಡಿಮೆ ಮಾಡಿದರು, ಸರಿ. ಕಡಿಮೆ ಬಳಸುತ್ತಿದ್ದವರು ‘ಓಹೋ, ನಾವೇ ಸುಮ್ಮನೆ ಹಿಡಿತ ಮಾಡುತ್ತಿದ್ದೇವೆ’ ಎಂದು ಹೆಚ್ಚು ಮಾಡಿದರು. ಅವರ ಚೀಟಿಯಲ್ಲಿ ಒಂದು ನಗುಮುಖ ಬರೆದ ಮೇಲೆ ಆ ಏರಿಕೆ ನಿಂತಿತು. ನಮ್ಮ ಊರಿಗೆ ಇದನ್ನು ಹೊಂದಿಸಿ ನೋಡಿ. 90 ಯೂನಿಟ್‌ನಲ್ಲಿ ಅಚ್ಚುಕಟ್ಟಾಗಿ ಸಂಸಾರ ತೂಗಿಸುವ ಮನೆಗೆ “ನಿಮಗಿನ್ನೂ 9 ಯೂನಿಟ್ ಉಚಿತ ಬಾಕಿ ಇದೆ” ಎಂದು ಸಂದೇಶ ಹೋದರೆ ಅದು ಎಚ್ಚರಿಕೆಯಲ್ಲ, ಊಟಕ್ಕೆ ಕರೆದಂತೆ. ಮಿತಿಯ ಹತ್ತಿರಕ್ಕೆ ಬಂದವರಿಗೆ ಮಾತ್ರ ತಿಳಿಸಿ, ಉಳಿದವರನ್ನು ಅವರ ಪಾಡಿಗೆ ಬಿಡಿ. ಯಾರಿಗೆ ಕಳಿಸಬಾರದು ಎಂದು ತಿಳಿಯುವುದೂ ಈ ಕೆಲಸದ ಭಾಗವೇ.

ಎಐ ಎಂದು ಮಾರುವವರು ತೋರಿಸುವ ಅರ್ಧ ಭಾಗ ಬರೀ ಕೂಡುವ ಕಳೆಯುವ ಲೆಕ್ಕ ಎಂಬುದನ್ನೂ ಹೇಳಿಬಿಡುತ್ತೇನೆ. ಕಳೆದ ಸಲ 29 ದಿನಕ್ಕೆ 180 ಯೂನಿಟ್. ಈ ಸಲ ಮೀಟರ್ ರೀಡರ್‌ಗೆ ರಜೆ, ಆಮೇಲೆ ಮನೆಗೆ ಬೀಗ, ಹೀಗೆ 34ನೇ ದಿನಕ್ಕೆ ಓದಿ 209. ಗ್ರಾಹಕರು ಕಿರುಚುತ್ತಾರೆ, ನಿಮ್ಮ ಗುಮಾಸ್ತರು “ಮೀಟರ್ ಓಡಿದೆ, ಕಟ್ಟಿ” ಎನ್ನುತ್ತಾರೆ. ದಿನಕ್ಕೆ ಭಾಗಿಸಿ ನೋಡಿದರೆ ಆಗ 6.2, ಈಗ 6.15. ಬಳಕೆ ಕೂದಲೆಳೆಯಷ್ಟು ಇಳಿದಿದೆ! ಜಾರಿದ್ದು ರೀಡಿಂಗ್ ದಿನ. ಇದನ್ನು ಹಿಡಿಯಲು ಕೃತಕ ಬುದ್ಧಿಮತ್ತೆ ಬೇಡ, ನಾಲ್ಕನೇ ಕ್ಲಾಸಿನ ಭಾಗಾಕಾರ ಸಾಕು. ಸ್ಪಾಟ್ ಬಿಲ್ಲಿಂಗ್ ಮಷಿನ್‌ನಿಂದ ಚೀಟಿ ಹೊರಬರುವ ಮುಂಚೆಯೇ ‘ಈ ಬಿಲ್ ತಡೆ, ಮೇಲಿನವರು ನೋಡಲಿ’ ಎಂದು ಸಾಫ್ಟ್‌ವೇರ್ ಹೇಳಬೇಕು. ದಶಮಾಂಶದ ಚುಕ್ಕೆ ಜಾರಿ 1,240 ಯೂನಿಟ್ ಆದ ಬಿಲ್, ಮೀಟರ್ ನಿಂತುಹೋಗಿ ಆರು ತಿಂಗಳಿಂದ ಒಂದೇ ರೀಡಿಂಗ್ ತೋರಿಸುವ ಬಿಲ್, ಇವೂ ಅಲ್ಲೇ ನಿಲ್ಲಬೇಕು.

ಎಐಯ ನಿಜವಾದ ಕೈಚಳಕ ಇರುವುದು ಆ ಲೆಕ್ಕವನ್ನು ಮಾತಾಗಿಸುವುದರಲ್ಲಿ. ನಮ್ಮ ಬಿಲ್ಲಿನ ಕನ್ನಡ ನೋಡಿದ್ದೀರಲ್ಲ? ‘ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ’. ಮೂವತ್ತು ವರ್ಷ ಇದೇ ಕೆಲಸ ಮಾಡಿದ ನನಗೇ ಒಂದೇ ಉಸಿರಿಗೆ ಓದಲಾಗುವುದಿಲ್ಲ. ಇದರ ಬದಲು, ಕೇಳಿದವರಿಗೆ ಇಷ್ಟು ಹೋಗಲಿ: “ಈ ಸಲ ಮೀಟರ್ ಓದಿದ್ದು 34ನೇ ದಿನಕ್ಕೆ, ಹೋದ ಸಲ 29ನೇ ದಿನಕ್ಕೆ. ದಿನದ ಬಳಕೆ ಹೆಚ್ಚಾಗಿಲ್ಲ. ಆದರೆ ಒಟ್ಟು 200 ದಾಟಿದ್ದರಿಂದ ಗೃಹಜ್ಯೋತಿ ಈ ತಿಂಗಳಿಗೆ ಅನ್ವಯವಾಗಿಲ್ಲ. ರೀಡಿಂಗ್ ತಡವಾದದ್ದರ ಬಗ್ಗೆ ದೂರು ಕೊಡುವುದಾದರೆ 1 ಒತ್ತಿ.” ಕೊನೆಯ ವಾಕ್ಯ ಬರೆಯಲು ಕಂಪನಿಗಳಿಗೆ ಮನಸ್ಸು ಬರುವುದಿಲ್ಲ. ಅದಿಲ್ಲದಿದ್ದರೆ ಮೇಲಿನದ್ದೆಲ್ಲ ಬರೀ ಸಮಜಾಯಿಷಿ. ಇನ್ನೊಂದು ಷರತ್ತು: ಅಂಕಿಗಳೆಲ್ಲ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದಲೇ ಬರಬೇಕು. ಮಾತು ಹೆಣೆಯುವ ಎಐ ಮಾದರಿಗಳಿಗೆ ಲೆಕ್ಕ ಹಾಕಲು ಬಿಟ್ಟರೆ ಒಮ್ಮೊಮ್ಮೆ ತಪ್ಪು ಮೊತ್ತವನ್ನೂ ಅಷ್ಟೇ ಧೈರ್ಯವಾಗಿ ಹೇಳಿಬಿಡುತ್ತವೆ.

ಬಾಟ್ ಆಡಿದ ಮಾತಿಗೆ ಹೊಣೆ ಯಾರು ಎಂಬ ಪ್ರಶ್ನೆ ನಿಮ್ಮ ಸಭೆಯಲ್ಲಿ ಬಂದರೆ ಕೆನಡಾದ ವಿಮಾನ ಕಂಪನಿಯ ಪ್ರಕರಣ ಹೇಳಿ. ಏರ್ ಕೆನಡಾದ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ ಸಾವಿನ ಕಾರಣಕ್ಕೆ ಕೊಡುವ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಆ ಬಾಟ್‌ನ ಮಾತಿಗೆ ತಾನು ಹೊಣೆಯಲ್ಲ ಎಂಬ ಕಂಪನಿಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರಲ್ಲಿ ತಳ್ಳಿಹಾಕಿ, ಪರಿಹಾರ ಕೊಡಿಸಿತು. “ನಿಮ್ಮ ಮಿತಿ 143 ಇದೆ ಸಾರ್” ಎಂದು ನಿಮ್ಮ ಬಾಟ್ ಹೇಳಿ ಆಮೇಲೆ ಬಿಲ್ 130ರ ಲೆಕ್ಕದಲ್ಲಿ ಬಂದರೆ, ಗ್ರಾಹಕರು ಆ ಸ್ಕ್ರೀನ್‌ಶಾಟ್ ಹಿಡಿದು ಕುಂದುಕೊರತೆ ವೇದಿಕೆಗೆ ಹೋಗುತ್ತಾರೆ. ಹೋಗಬೇಕಾದ್ದೇ.

ಇನ್ನು ಕರೆಂಟ್ ಹೋದಾಗಿನ ಮಾತು. ದೂರಿನ ಸಹಾಯವಾಣಿ 1912ಕ್ಕೆ ಬರುವ ಕರೆಗಳಿವೆಯಲ್ಲ, ನನಗೆ ಎಐ ಬಗ್ಗೆ ಹೆಚ್ಚು ಆಸೆಯಿರುವುದು ಇಲ್ಲಿಯೇ, ಭಯವಿರುವುದೂ ಇಲ್ಲಿಯೇ.

ಧಾರವಾಡದ ಕಡೆಯವರು “ಲೈಟ್ ಹೋಗೇತ್ರಿ” ಎನ್ನುತ್ತಾರೆ, ಮಂಡ್ಯದವರು “ಕರೆಂಟ್ ಇಲ್ಲ ಕಣ್ರೀ” ಎನ್ನುತ್ತಾರೆ, ಮಂಗಳೂರಿನ ಅಜ್ಜಿ ತುಳುವಿನಲ್ಲಿ “ಕರೆಂಟ್ ಇಜ್ಜಿ” ಎನ್ನುತ್ತಾರೆ. ಬಳ್ಳಾರಿಯಲ್ಲಿ ತೆಲುಗು, ಕಲಬುರಗಿಯಲ್ಲಿ ಉರ್ದು ಬೆರೆಯುತ್ತದೆ. ಪತ್ರಿಕೆ ಕನ್ನಡದಲ್ಲಿ ಕಲಿತ ಧ್ವನಿ ಬಾಟ್ ಇವರ ಮುಂದೆ ತಬ್ಬಿಬ್ಬಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ವೃತ್ತಿಯ ಮಾತು. “ಒಂದು ಫೇಸ್ ಇಲ್ಲ”, “ಜಂಪ್ ಕಟ್ ಆಗೈತೆ”, “ಟಿಸಿ ಸುಟ್ಟೈತೆ” (ಟಿಸಿ ಎಂದರೆ ಟ್ರಾನ್ಸ್‌ಫಾರ್ಮರ್), “ನಲ್ಲಿ ಮುಟ್ಟಿದ್ರೆ ಜುಮ್ ಅಂತದೆ”. ಇವುಗಳಲ್ಲಿ ಯಾವುದು ಲೈನ್‌ಮನ್ ಬೆಳಿಗ್ಗೆ ನೋಡಬಹುದಾದ್ದು, ಯಾವುದು ಈ ಕ್ಷಣ ಸಪ್ಲೈ ತೆಗೆಯಬೇಕಾದ್ದು ಎಂದು ಹಳೆಯ ಆಪರೇಟರ್‌ಗೆ ಧ್ವನಿಯಲ್ಲೇ ಗೊತ್ತಾಗುತ್ತದೆ. ನಿಮ್ಮ ಕಚೇರಿಯ ದೂರು ಪುಸ್ತಕದಲ್ಲಿ ಈ ಮಾತುಗಳೆಲ್ಲ ಇವೆ. ಬಾಟ್ ಕಲಿಯಬೇಕಾದ್ದು ಆ ಪುಸ್ತಕದಿಂದ. ‘ತಂತಿ ಬಿದ್ದಿದೆ’, ‘ಶಾಕ್ ಹೊಡೀತಿದೆ’, ‘ಕಿಡಿ ಹಾರ್ತಿದೆ’, ಈ ಮೂರು ಕಿವಿಗೆ ಬಿದ್ದ ಕೂಡಲೇ ಬಾಟ್ ಬಾಯಿ ಮುಚ್ಚಿ ಮನುಷ್ಯರಿಗೆ ಲೈನ್ ಕೊಡಬೇಕು. ಆರ್‌.ಆರ್‌. ನಂಬರ್ ಹೇಳಿ ಎಂದು ಕೂಡ ಕೇಳಬಾರದು.

ಆಸೆಯ ಭಾಗ ಹೇಳುತ್ತೇನೆ. ಬೇಸಿಗೆಯ ಒಂದು ರಾತ್ರಿ. ಒಂದೇ ಟ್ರಾನ್ಸ್‌ಫಾರ್ಮರ್ ಕೆಳಗಿನ ಮೂರು ಮನೆಗಳಿಂದ ಹತ್ತು ನಿಮಿಷದಲ್ಲಿ ಮೂರು ಕರೆ. ಒಬ್ಬರು “ಲೈಟೆಲ್ಲ ಡಿಮ್ಮಾಗಿ ಉರೀತಿದೆ” ಎನ್ನುತ್ತಾರೆ. ಇನ್ನೊಬ್ಬರು “ಬಲ್ಬು ಫಳ್ ಅಂತ ಬೆಳಗಿ ಹೋಯ್ತು”. ಮತ್ತೊಬ್ಬರು “ಟಿವಿಯಿಂದ ಹೊಗೆ ಬಂತು”. ಮೂವರು ಬೇರೆ ಬೇರೆ ಆಪರೇಟರ್‌ಗೆ ಹೇಳಿದರೆ ಮೂರು ಬೇರೆ ದೂರು: ಲೋ ವೋಲ್ಟೇಜ್, ಕರೆಂಟ್ ಇಲ್ಲ, ಮನೆಯ ಉಪಕರಣದ ತೊಂದರೆ. ಒಟ್ಟಿಗೆ ನೋಡಿದರೆ ಒಂದೇ ಕಾರಣ: ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಕಡಿದಿದೆ. ಮೂರು ಬೇರೆ ಬೇರೆ ಫೇಸಿನ ಮನೆಗಳ ನಡುವೆ ವೋಲ್ಟೇಜ್ ತೂಗಾಡಿ, ಹೆಚ್ಚು ಲೋಡಿರುವ ಫೇಸಿನಲ್ಲಿ ಇಳಿಯುತ್ತದೆ, ಕಡಿಮೆ ಲೋಡಿರುವ ಫೇಸಿನಲ್ಲಿ 230 ಇರಬೇಕಾದ್ದು 300 ದಾಟುತ್ತದೆ. ಪ್ರತಿ ನಿಮಿಷಕ್ಕೂ ಒಂದೊಂದು ಫ್ರಿಜ್ಜು ಹೋಗುತ್ತಿರುತ್ತದೆ. ಮೂರು ಕರೆಯನ್ನು ಜೋಡಿಸಿ ‘ಇದು ನ್ಯೂಟ್ರಲ್ ಇರಬಹುದು, ಈಗಲೇ ಸಪ್ಲೈ ತೆಗೆಯಿರಿ’ ಎಂದು ಡ್ಯೂಟಿಯಲ್ಲಿರುವವರಿಗೆ ತೋರಿಸುವುದು, ಆ ಟಿಸಿಯ ಉಳಿದ ಮನೆಗಳಿಗೆ “ಮೈನ್ ಸ್ವಿಚ್ ಆಫ್ ಮಾಡಿ” ಎಂದು ಅವರವರ ಭಾಷೆಯಲ್ಲಿ ಕರೆ ಮಾಡುವುದು, ಇದನ್ನು ಯಂತ್ರ ಮನುಷ್ಯರಿಗಿಂತ ಬೇಗ ಮಾಡೀತು.

ಮಾಡಬೇಕಾದರೆ ಯಾವ ಮನೆ ಯಾವ ಟಿಸಿಯ ಕೆಳಗಿದೆ ಎಂದು ಕಡತದಲ್ಲಿ ಸರಿಯಾಗಿರಬೇಕು. ಅಲ್ಲೇ ಗಾಡಿ ನಿಲ್ಲುವುದು. ಸರ್ವೆ ಮಾಡಿ ಒಮ್ಮೆ ಬರೆದಿರುತ್ತಾರೆ. ಏಪ್ರಿಲ್‌ನ ಒಂದು ರಾತ್ರಿ ಟಿಸಿ ಓವರ್‌ಲೋಡ್ ಆಗಿ ಫ್ಯೂಸ್ ಮತ್ತೆ ಮತ್ತೆ ಹೋಗುವಾಗ ನಿಮ್ಮ ಪವರ್‌ಮ್ಯಾನ್ ಕಂಬ ಹತ್ತಿ ಒಂದು ಸಾಲು ಮನೆಗಳನ್ನು ಪಕ್ಕದ ಟಿಸಿಗೆ ಬದಲಾಯಿಸುತ್ತಾರೆ. ಜನಕ್ಕೆ ಕರೆಂಟ್ ಬಂತು, ಅವರು ಮನೆಗೆ ಹೋಗಿ ಮಲಗಿದರು. ಕಡತದಲ್ಲಿ ಆ ಮನೆಗಳು ಇನ್ನೂ ಹಳೇ ಟಿಸಿಯ ಕೆಳಗೇ ಇವೆ. ಮುಂದಿನ ಸಲ ‘ನಿಮ್ಮ ಪ್ರದೇಶದಲ್ಲಿ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ಇರುವುದಿಲ್ಲ’ ಎಂಬ ಸಂದೇಶ ಹೋಗುವುದು ಕರೆಂಟ್ ಇರುವವರಿಗೆ. ಇಲ್ಲದವರಿಗೆ ಸಂದೇಶವೂ ಇಲ್ಲ. ಪವರ್‌ಮ್ಯಾನ್ ಅವರನ್ನು ಬೈಯಬೇಡಿ. ಕಂಬದಿಂದ ಇಳಿದ ಮೇಲೆ ಫೋನಿನಲ್ಲಿ “ಇಂಥ ಟಿಸಿಯಿಂದ ಇಂಥದ್ದಕ್ಕೆ ಎಂಟು ಮನೆ ಬದಲಾಯಿಸಿದೆ” ಎಂದು ಹೇಳಿದರೆ ಅದನ್ನು ಬರೆದುಕೊಂಡು ಕಡತ ತಿದ್ದುವ ಧ್ವನಿ ಸಹಾಯಕ ಇರಲಿ. ಗ್ರಾಹಕರ ಎದುರಿನ ಬಾಟ್‌ಗಿಂತ ಮೊದಲು ಬೇಕಾದ ಎಐ ಇದು ಎಂದು ನನ್ನ ಅಭಿಪ್ರಾಯ. ಅದನ್ನು ಯಾರೂ ಸಭೆಯಲ್ಲಿ ತೋರಿಸುವುದಿಲ್ಲ, ನೋಡಲು ಚಂದವಿಲ್ಲವಲ್ಲ.

ಬ್ರಿಟನ್ನಿನ ಆಕ್ಟೋಪಸ್ ಎನರ್ಜಿಯ ಉದಾಹರಣೆ ನಿಮಗೂ ತೋರಿಸಿರಬಹುದು. ಎಐ ನೆರವಿನಿಂದ ಬರೆದ ಇಮೇಲ್‌ಗಳಿಗೆ ಗ್ರಾಹಕರ ತೃಪ್ತಿ ಶೇ 80, ತರಬೇತಿ ಪಡೆದ ಸಿಬ್ಬಂದಿ ಬರೆದದ್ದಕ್ಕೆ ಶೇ 65 ಎಂದು ಅದರ ಮುಖ್ಯಸ್ಥ ಗ್ರೆಗ್ ಜಾಕ್ಸನ್ 2023ರಲ್ಲಿ ಹೇಳಿದ್ದರು. ಕಂಪನಿಯವರೇ ಕೊಟ್ಟ ಅಂಕಿ, ಇರಲಿ. ಅದನ್ನು ತೋರಿಸುವವರು ಒಂದು ಮಾತು ನುಂಗಿಬಿಡುತ್ತಾರೆ: ಆ ಕಂಪನಿ ಗ್ರಾಹಕರ ಬಿಲ್, ಮೀಟರ್, ಪತ್ರವ್ಯವಹಾರ ಎಲ್ಲವನ್ನೂ ತಾನೇ ಕಟ್ಟಿದ ಕ್ರಾಕೆನ್ ಎಂಬ ವ್ಯವಸ್ಥೆಯಲ್ಲಿ ಒಂದೇ ಕಡೆ ಇಟ್ಟುಕೊಂಡಿದೆ. ನಮ್ಮಲ್ಲಿ ಬಿಲ್ ಒಂದು ಕಡೆ, 1912ರ ದೂರು ಇನ್ನೊಂದು ಕಡೆ, ಗೃಹಜ್ಯೋತಿ ನೋಂದಣಿ ಸೇವಾಸಿಂಧುವಿನಲ್ಲಿ, ಟಿಸಿ ವಿವರ ಪವರ್‌ಮ್ಯಾನ್ ಅವರ ತಲೆಯಲ್ಲಿ.

ಎಐ ಕೈಗೆ ಕೊಡಬಾರದ್ದೂ ಇದೆ, ಅದನ್ನು ಅನುಭವದಿಂದ ಹೇಳುತ್ತೇನೆ. ನಾನಿದ್ದ ಕಡೆ ಒಮ್ಮೆ ಬಳಕೆ ಹಠಾತ್ತನೆ ಕುಸಿದ ಮನೆಗಳ ಪಟ್ಟಿಯನ್ನು ಕಂಪ್ಯೂಟರ್ ತೆಗೆದುಕೊಟ್ಟಿತು, ‘ಕಳ್ಳತನದ ಶಂಕೆ’ ಎಂಬ ತಲೆಬರಹದೊಂದಿಗೆ. ಪಟ್ಟಿ ಹಿಡಿದು ಹೋದ ಮೊದಲ ಮನೆಯಲ್ಲಿ ಬಾಗಿಲು ತೆರೆದವರು ಒಬ್ಬ ವೃದ್ಧೆ. ಎರಡು ತಿಂಗಳ ಹಿಂದೆ ಯಜಮಾನರು ತೀರಿಕೊಂಡಿದ್ದರು, ಮಗನ ಸಂಸಾರ ಬೇರೆ ಊರಿಗೆ ಹೋಗಿತ್ತು. ಅಡುಗೆಮನೆಯ ಒಂದು ಬಲ್ಬ್ ಉರಿಯುತ್ತಿತ್ತು. ಜೀಪಿನಲ್ಲಿ ಬಂದ ನಾಲ್ಕು ಜನರನ್ನು ನೋಡಿ ಅವರು “ಬಾಕಿ ಏನಾದರೂ ಇದೆಯಾ ಅಪ್ಪಾ?” ಎಂದು ಕೇಳಿದರು. ನನಗೆ ನೀರು ಕೇಳುವ ಧೈರ್ಯವೂ ಆಗಲಿಲ್ಲ. ಮುಂದಿನ ಮನೆಯವರು ಸೋಲಾರ್ ಹೀಟರ್ ಹಾಕಿಸಿದ್ದರು. ಯಂತ್ರಕ್ಕೆ ಕುಸಿತ ಕಂಡಿತ್ತು, ಕಾರಣ ಕಂಡಿರಲಿಲ್ಲ. ಪಟ್ಟಿ ತೆಗೆಯಲಿ, ಬೇಡ ಎನ್ನುವುದಿಲ್ಲ. ತಲೆಬರಹ ‘ವಿಚಾರಿಸಬೇಕಾದ ಮನೆಗಳು’ ಎಂದಿರಲಿ, ಮೊದಲು ಫೋನ್ ಹೋಗಲಿ. ಕನೆಕ್ಷನ್ ಕಡಿತವೂ ಹಾಗೆಯೇ. ಕಾಯ್ದೆಯ 56ನೇ ಸೆಕ್ಷನ್ ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಬೇಕು ಎನ್ನುತ್ತದೆ. ಆ ನೋಟಿಸ್ ಕಂಟ್ರಾಕ್ಟರ್ ಫೋನಿಗೆ ಹೋದರೆ ಮುಟ್ಟಿದಂತಾಯಿತೇ?

ಬ್ರಿಟನ್ನಿನಲ್ಲಿ ಬಾಕಿದಾರರ ಮನೆಗಳಿಗೆ ಬಲವಂತವಾಗಿ ಪ್ರಿಪೇಯ್ಡ್ ಮೀಟರ್ ಹಾಕುವಾಗ ರೋಗಿಗಳು, ಎಳೆಮಕ್ಕಳಿರುವ ಮನೆಗಳನ್ನೂ ಬಿಡಲಿಲ್ಲವೆಂದು ದೊಡ್ಡ ಗಲಾಟೆಯಾಗಿ, 2023ರ ಫೆಬ್ರುವರಿಯಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಅದನ್ನು ನಿಲ್ಲಿಸಿ ಎಂದು ಕಂಪನಿಗಳಿಗೆ ಹೇಳಬೇಕಾಯಿತು. ಇಂಥ ಮನೆಗಳಿಗೆಂದೇ ಅಲ್ಲೊಂದು ಆದ್ಯತೆಯ ನೋಂದಣಿ ಪಟ್ಟಿಯೂ ಇದೆ, ಆದರೂ ಎಡವಿದರು. ನಮ್ಮಲ್ಲಿ ಆಕ್ಸಿಜನ್ ಯಂತ್ರದ ಮೇಲಿರುವವರು, ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವವರು ನಿಮ್ಮ ವ್ಯಾಪ್ತಿಯಲ್ಲಿ ಎಷ್ಟು ಜನ? ಬಳಕೆಯ ಗೆರೆ ನೋಡಿ ಎಐ ಊಹಿಸುವುದು ಬೇಡ. ಬಿಲ್ಲಿನ ಕೆಳಗೆ ಒಂದು ಸಾಲು ಹಾಕಿ ಕೇಳಿ, ಹೇಳುವವರು ಹೇಳುತ್ತಾರೆ.

ಊಹೆಯ ಮಾತು ಬಂದದ್ದರಿಂದ ಗೋಪ್ಯತೆ. ಮೀಟರಿನ ಒಟ್ಟು ಬಳಕೆಯ ಏರಿಳಿತದಿಂದಲೇ ಮನೆಯೊಳಗೆ ಯಾವ ಉಪಕರಣ ಯಾವಾಗ ಆನ್ ಆಯಿತೆಂದು ಹೇಳುವ ವಿದ್ಯೆಯನ್ನು ಅಮೆರಿಕದ ಎಂಐಟಿಯ ಜಾರ್ಜ್ ಹಾರ್ಟ್ 1980ರ ದಶಕದಲ್ಲೇ ಬೆಳೆಸಿದರು. ಇದು ಕಾವಲು ಕಣ್ಣಾಗಬಹುದೆಂದು 1989ರಲ್ಲಿ ಎಚ್ಚರಿಸಿ ಬರೆದವರೂ ಅವರೇ. ನಮ್ಮ ಊರುಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಬಿಲ್ ಇರುವುದು ಮಾಲೀಕರ ಹೆಸರಲ್ಲಿ, ಬದುಕುವುದು ಬಾಡಿಗೆಯವರು. “ನಿಮ್ಮ ಮನೆಯಲ್ಲಿ ರಾತ್ರಿ ಬಳಕೆ ಹೆಚ್ಚಾಗಿದೆ” ಎಂಬ ಸ್ನೇಹದ ಸಂದೇಶ ಮಾಲೀಕರ ಫೋನಿಗೆ ಹೋಗುತ್ತದೆ, ಅವರು ಬೆಳಿಗ್ಗೆ ಬಂದು ಬಾಗಿಲು ಬಡಿದು “ರಾತ್ರಿಯೆಲ್ಲ ಏನಮ್ಮಾ ಎಸಿ?” ಎನ್ನುತ್ತಾರೆ. ಬಾಡಿಗೆಯವರು ಮನೆ ಬದಲಾಯಿಸಿದಾಗ ಹಳೇ ಮನೆಯ ಗೃಹಜ್ಯೋತಿ ಜೋಡಣೆ ಬಿಡಿಸಿಕೊಳ್ಳುವ ಅವಕಾಶವನ್ನು ಸರ್ಕಾರ 2024ರಲ್ಲಿ ಕೊಟ್ಟಿತು. ನನ್ನ ಲೆಕ್ಕದಲ್ಲಿ ಮೀಟರಿನ ಹಿಂದೆ ಒಬ್ಬ ಮನುಷ್ಯರಿದ್ದಾರೆ, ಅವರು ಮನೆ ಬಿಟ್ಟು ಹೋಗುತ್ತಾರೆ ಎಂದು ವ್ಯವಸ್ಥೆ ಒಪ್ಪಿಕೊಂಡ ದೊಡ್ಡ ಹೆಜ್ಜೆ ಅದು. ಅದೇ ದಾರಿಯಲ್ಲಿ, ಒಂದು ಆರ್‌.ಆರ್‌. ನಂಬರಿಗೆ ‘ಮಾಲೀಕರು’, ‘ವಾಸವಿರುವವರು’ ಎಂದು ಎರಡು ಪ್ರತ್ಯೇಕ ಫೋನ್ ನಂಬರ್ ಇರಲಿ. ಬಾಕಿಯ ಸಂದೇಶ ಇಬ್ಬರಿಗೂ, ಬಳಕೆಯ ಸಂದೇಶ ವಾಸವಿರುವವರಿಗೆ ಮಾತ್ರ, ಅದೂ ಅವರು ಒಪ್ಪಿದರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ.

ನೀವು ಏನು ಸಿದ್ಧ ಮಾಡಿಕೊಳ್ಳಬೇಕು ಎಂದು ಕೇಳಿದ್ದೀರಿ. ಟೆಂಡರು, ಸರ್ವರು ನಿಮ್ಮ ಕೈಯಲ್ಲಿಲ್ಲ, ಅದರ ಚಿಂತೆ ಬಿಡಿ. ಮೀಟರ್ ರೀಡರ್‌ಗಳಿಗೆ ಮುಂದಿನ ಸುತ್ತಿನಲ್ಲಿ ಒಂದೇ ಪ್ರಶ್ನೆ ಹೆಚ್ಚಿಗೆ ಕೇಳಲು ಹೇಳಿ: “ಬಿಲ್ ವಿಚಾರ ಯಾರ ಫೋನಿಗೆ ತಿಳಿಸಬೇಕು, ಯಾವ ಭಾಷೆಯಲ್ಲಿ?” ಒಂದು ಫೀಡರಿಗೆ ಮಾಡಿ ಸಾಕು. ಪವರ್‌ಮ್ಯಾನ್‌ಗಳು ಲೋಡ್ ಬದಲಾಯಿಸಿದ ದಿನ ಬರೆಯಲು ಕಚೇರಿಯ ಗೋಡೆಗೊಂದು ಹಾಳೆ ಅಂಟಿಸಿ. ಕೌಂಟರಿಗೆ ಬಂದ ಕಳೆದ ಮೂರು ತಿಂಗಳ ಬಿಲ್ ತಕರಾರುಗಳನ್ನು ಗ್ರಾಹಕರು ಆಡಿದ ಮಾತಿನಲ್ಲೇ, ತಿದ್ದದೆ, ಬರೆದಿಡಿ. ಕೊನೆಗೆ ಏನು ಕಾರಣ ಸಿಕ್ಕಿತು ಎಂಬುದೂ ಪಕ್ಕದಲ್ಲಿರಲಿ: ರೀಡಿಂಗ್ ತಡ, ಮಿತಿ ದಾಟಿದ್ದು, ಹಳೇ ಬಾಕಿ, ಹೆಚ್ಚುವರಿ ಡಿಪಾಸಿಟ್, ಮೀಟರ್ ದೋಷ. ಮುಂದಿನ ಸಭೆಗೆ ಆ ಕಂಪನಿಯವರು ಬಂದಾಗ ಆ ಪುಸ್ತಕದಿಂದ ಹತ್ತು ಪ್ರಶ್ನೆ ಆರಿಸಿ ಅವರ ಬಾಟ್‌ಗೆ ಹಾಕಿ. “ಹೋದ ತಿಂಗಳು ಸೊನ್ನೆ ಬಂದಿತ್ತು” ಎಂಬುದೇ ಮೊದಲನೆಯದಾಗಿರಲಿ.